ಬ್ಯಾಕ್ಟೀರಿಯಾಕ್ಕೆ ಮನಸ್ಸಿದೆಯೇ? ಬೈಲಕುಪ್ಪೆಯ ಚರ್ಚೆಯ ಅಂಗಳಕ್ಕೆ ವಿಜ್ಞಾನ ಬಂದ ಪ್ರಕರಣ

ಬೈಲಕುಪ್ಪೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೋಲ್ಡನ್ ಟೆಂಪಲ್ ಮತ್ತು ಮೊಮೊ. ಮಡಿಕೇರಿಗೆ ಹೋಗುವ ದಾರಿಯಲ್ಲಿ ಒಂದು ಗಂಟೆ ನಿಂತು, ಫೋಟೊ ತೆಗೆದುಕೊಂಡು ಮುಂದೆ ಹೋಗಿಬಿಡುತ್ತೇವೆ. ಅದೇ ಟಿಬೆಟಿ ಕ್ಯಾಂಪಿನ ಒಳರಸ್ತೆ ಹಿಡಿದು ಮುಸುಕಿನ ಜೋಳದ ಹೊಲಗಳನ್ನು ದಾಟಿದರೆ ಸೆರಾ ಸಿಗುತ್ತದೆ. ಹೊರಗಿನಿಂದ ನೋಡಿದರೆ ಮಠ. ಒಳಗೆ ನಡೆಯುವುದು ವಿಶ್ವವಿದ್ಯಾಲಯದ ಕೆಲಸ. ಪಠ್ಯಕ್ರಮ ಇದೆ, ತರಗತಿಗಳಿವೆ, ಪರೀಕ್ಷೆಗಳಿವೆ, ಕೊನೆಗೆ ಗೆಶೆ ಎಂಬ ಪದವಿ ಇದೆ. ಆ ಪದವಿಯ ಅತಿ ಮೇಲಿನ ದರ್ಜೆ, ಅಂದರೆ ಗೆಶೆ ಲ್ಹರಂಪಾ, ತಲುಪಲು ಸುಮಾರು 20 ವರ್ಷ ಓದಬೇಕು.

ನಾನು ಇದೇ ಸುತ್ತಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಪಾಠ ಮುಗಿಸಿ "ಅರ್ಥ ಆಯ್ತಾ?" ಅಂದರೆ "ಆಯ್ತು ಸಾರ್" ಅಂತ ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳುತ್ತದೆ. ಯಾರೂ ಎದ್ದು "ಯಾಕೆ ಸಾರ್?" ಅನ್ನುವುದಿಲ್ಲ. ನಮ್ಮ ಮಕ್ಕಳು ಹೀಗೇ, ಬಾಯಿಪಾಠದ ಮಕ್ಕಳು, ಪ್ರಶ್ನೆ ಕೇಳುವುದು ನಮ್ಮ ಸಂಸ್ಕೃತಿಯಲ್ಲೇ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ. ಸೆರಾದಲ್ಲಿ ವಿಜ್ಞಾನ ಕಲಿಸಲು ಶುರು ಮಾಡಿದ ಪ್ರಕರಣವನ್ನು ಹತ್ತಿರದಿಂದ ನೋಡಿದ ಮೇಲೆ ಆ ಮಾತನ್ನು ನಾನು ಬಿಟ್ಟೆ. ಯಾಕೆ ಬಿಟ್ಟೆ ಅನ್ನುವುದಕ್ಕೆ ಇಡೀ ಪ್ರಕರಣವನ್ನೇ ಹೇಳಬೇಕು.

ಕೋಣೆ ಬೇರೆ, ಅಂಗಳ ಬೇರೆ

ಸೆರಾ ಶುರುವಾದದ್ದು 1419ರಲ್ಲಿ, ಲ್ಹಾಸಾ ಪಕ್ಕದಲ್ಲಿ. ಅದಕ್ಕೂ ಮುಂಚೆ 1409ರಲ್ಲಿ ಗಂದೆನ್, 1416ರಲ್ಲಿ ಡ್ರೆಪುಂಗ್. ಟಿಬೆಟಿ ಬೌದ್ಧರ ಗೆಲುಗ್ ಪರಂಪರೆಯ ಮೂರು ದೊಡ್ಡ ವಿದ್ಯಾಪೀಠಗಳು ಇವು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಈ ವಿದ್ಯಾಪೀಠಗಳ ಭಿಕ್ಷುಗಳೂ ಗಡಿ ದಾಟಿದರು. ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದಲ್ಲಿ ಜೈಲಾಗಿದ್ದ ಜಾಗದಲ್ಲಿ, ಸುಮಾರು ಹತ್ತು ವರ್ಷ ಕಾಯಿಲೆ ಕಸಾಲೆಗಳ ನಡುವೆಯೂ ಓದು ನಿಲ್ಲಿಸಲಿಲ್ಲ. ಆಮೇಲೆ ಕರ್ನಾಟಕಕ್ಕೆ ಬಂದರು. ಸೆರಾ ಬೈಲಕುಪ್ಪೆಗೆ, ಗಂದೆನ್ ಮತ್ತು ಡ್ರೆಪುಂಗ್ ಉತ್ತರ ಕನ್ನಡದ ಮುಂಡಗೋಡಕ್ಕೆ. ಹೀಗೆ ಟಿಬೆಟಿನ ಮೂರು ಹಳೆಯ ವಿಶ್ವವಿದ್ಯಾಲಯಗಳೂ ಈಗ ನಮ್ಮ ರಾಜ್ಯದಲ್ಲೇ ಜೀವಂತವಾಗಿವೆ. ಇದನ್ನು ನಾವು ನಮ್ಮ ಮಕ್ಕಳಿಗೆ ಹೇಳುವುದೇ ಇಲ್ಲ. ನನಗೆ ನಿಜಕ್ಕೂ ಬೇಸರದ ಸಂಗತಿ ಇದು.

ಅಲ್ಲಿನ ತರಗತಿಗೆ ಹೋಗಿ ಕೂತರೆ ನಮ್ಮ ತರಗತಿಗಿಂತ ಜಾಸ್ತಿ ಮೌನ. ಗುರುಗಳು, ಅವರನ್ನು ಗೆನ್‌ಲಾ ಅಂತ ಕರೆಯುತ್ತಾರೆ, ಮೂಲ ಗ್ರಂಥದ ಸಾಲು ಓದಿ ಅರ್ಥ ಹೇಳುತ್ತಾ ಹೋಗುತ್ತಾರೆ. ಹುಡುಗರು ನೆಲದ ಮೇಲೆ ಕೂತು ಕೇಳುತ್ತಾರೆ. ಹೆಸರಿನ ಕೊನೆಗೆ ಸೇರುವ ಆ 'ಲಾ' ನಮ್ಮ 'ಅವರೇ' ಇದ್ದ ಹಾಗೆ, ಮರ್ಯಾದೆ. ಗುರುವಿನ ಮುಂದೆ ದನಿ ಎತ್ತುವುದಿಲ್ಲ. ಇನ್ನು ಬೆಳಗ್ಗೆ, ರಾತ್ರಿ ಬಾಯಿಪಾಠ. ಸಣ್ಣ ಹುಡುಗರು ಮೈ ತೂಗುತ್ತಾ, ಗಟ್ಟಿಯಾಗಿ ಕೂಗುತ್ತಾ ಪುಟಗಟ್ಟಲೆ ಪದ್ಯ ಉರು ಹೊಡೆಯುತ್ತಾರೆ. ಇಷ್ಟೇ ನೋಡಿ ಎದ್ದು ಬಂದವರು "ಇವರಿಗೆ ಯೋಚನೆ ಮಾಡುವುದನ್ನು ಯಾರೂ ಕಲಿಸಿಲ್ಲ" ಅಂತ ಬರೆದುಬಿಡಬಹುದು.

ಆದರೆ ಅದೇ ಹುಡುಗನನ್ನು ಸಂಜೆ ಚರ್ಚೆಯ ಅಂಗಳದಲ್ಲಿ ನೋಡಬೇಕು. ಚೋರಾ ಅಂತಾರೆ ಆ ಅಂಗಳಕ್ಕೆ. ನೂರಾರು ಜೋಡಿಗಳು ಒಟ್ಟಿಗೆ. ಪ್ರತಿ ಜೋಡಿಯಲ್ಲಿ ಒಬ್ಬ ನೆಲದ ಮೇಲೆ ಕೂತಿರುತ್ತಾನೆ, ಅವನು ಉತ್ತರ ಕೊಡುವವನು. ಇನ್ನೊಬ್ಬ ನಿಂತಿರುತ್ತಾನೆ, ಅವನು ಕೇಳುವವನು. ನಿಂತವನು "ಧೀಃ!" ಅಂತ ಬೌದ್ಧರ ಜ್ಞಾನದೇವತೆ ಮಂಜುಶ್ರೀಯ ಬೀಜಾಕ್ಷರ ಕೂಗಿ ಶುರು ಮಾಡುತ್ತಾನೆ. ಪ್ರಶ್ನೆ ಮುಗಿಯುವ ಹೊತ್ತಿಗೆ ಬಲಗೈ ಮೇಲಕ್ಕೆ ಹೋಗಿರುತ್ತದೆ, ಎಡಗಾಲು ಎತ್ತಿರುತ್ತದೆ. ಕಾಲು ನೆಲಕ್ಕೆ ಅಪ್ಪಳಿಸುವುದೂ ಬಲ ಅಂಗೈ ಎಡ ಅಂಗೈ ಮೇಲೆ ಬೀಳುವುದೂ ಒಂದೇ ಕ್ಷಣ. ಛಟ್! ತಕ್ಷಣ ಎಡಗೈ ಮುಂದಕ್ಕೆ ಚಾಚಿಕೊಳ್ಳುತ್ತದೆ, ಕೆಳಗಿನ ಜನ್ಮಗಳ ಬಾಗಿಲು ಮುಚ್ಚಿದ ಹಾಗೆ. ಜಪಮಾಲೆ ಹಿಡಿದ ಬಲಗೈ ಹಿಂದಕ್ಕೆ, ಮೇಲಕ್ಕೆ ಎಳೆದುಕೊಳ್ಳುತ್ತದೆ, ಬಿದ್ದವರನ್ನು ಎತ್ತಿದ ಹಾಗೆ. ಕೂತವನು ತಡಮಾಡಿದರೆ ಅಕ್ಕಪಕ್ಕದವರೂ ಸೇರಿಕೊಂಡು ಕೂಗುತ್ತಾರೆ. ಹೊಸಬರು ಜಗಳ ಅಂದುಕೊಳ್ಳುತ್ತಾರೆ. ಮುಗಿದ ಮೇಲೆ ಇಬ್ಬರೂ ನಗುತ್ತಾ ಚಹಾಕ್ಕೆ ಹೋಗುತ್ತಾರೆ.

ಕೂತವನಿಗೆ ಮನಸ್ಸಿಗೆ ಬಂದ ಹಾಗೆ ಭಾಷಣ ಮಾಡುವ ಅವಕಾಶ ಇಲ್ಲ. ಬಹುಪಾಲು ನಾಲ್ಕು ಉತ್ತರಗಳಲ್ಲಿ ಒಂದನ್ನು ಕೊಡಬೇಕು. "ದೋ" ಅಂದರೆ ಒಪ್ಪಿದೆ. "ಚೀ ಛಿರ್" ಅಂದರೆ ಯಾಕೆ, ಕಾರಣ ಕೊಡು. "ತಕ್ ಮ ದ್ರುಪ್" ಅಂದರೆ ನೀನು ಕೊಟ್ಟ ಕಾರಣವೇ ಸಾಬೀತಾಗಿಲ್ಲ. "ಖ್ಯಪ್ ಪ ಮ ಜುಂಗ್" ಅಂದರೆ ವ್ಯಾಪ್ತಿ ಇಲ್ಲ, ಆ ಕಾರಣದಿಂದ ಆ ತೀರ್ಮಾನ ಬರುವುದಿಲ್ಲ. ಕೂತವನು ತನ್ನ ಮಾತಿಗೇ ತಾನು ವಿರುದ್ಧ ಹೋದರೆ ನಿಂತವನು "ತ್ಸಾ!" ಅಂತ ಕೂಗುತ್ತಾನೆ, ಸೋತೆ ಅಂತ ಅರ್ಥ.

ಹೊಸ ಹುಡುಗರ ಮೊದಲ ಪಾಠವೇ ಬಣ್ಣದ್ದು. "ಬಣ್ಣವಾದದ್ದೆಲ್ಲ ಕೆಂಪೇ?" ಒಪ್ಪಿದರೆ ಮುಗಿಯಿತು. "ಹಾಗಾದರೆ ಬಿಳಿ ಶಂಖದ ಬಣ್ಣ ತಗೋ. ಅದು ಬಣ್ಣ ತಾನೇ? ಹಾಗಾದರೆ ಕೆಂಪು." ಕೇಳಲು ಮಕ್ಕಳಾಟ. ಆದರೆ 'ಇದೆಲ್ಲ ಅದು' ಅನ್ನುವುದಕ್ಕೂ 'ಅದೆಲ್ಲ ಇದು' ಅನ್ನುವುದಕ್ಕೂ ಇರುವ ವ್ಯತ್ಯಾಸ ಹುಡುಗನ ಮೈಗೇ ಹತ್ತುತ್ತದೆ.

ಈ ತರ್ಕ ಎಲ್ಲಿಂದ ಬಂತು? ನಮ್ಮಲ್ಲಿಂದಲೇ. ದಿಙ್ನಾಗ, ಧರ್ಮಕೀರ್ತಿ ಎಂಬ ಹಳೆಯ ಬೌದ್ಧ ತಾರ್ಕಿಕರು, ನಾಳಂದ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಅನ್ನುವ ವ್ಯಾಪ್ತಿಯ ಪಾಠ. ಧರ್ಮಕೀರ್ತಿಯ ಪ್ರಮಾಣವಾರ್ತಿಕ ಅಲ್ಲಿನ ಐದು ಮಹಾಗ್ರಂಥಗಳಲ್ಲಿ ಒಂದು. ಶೃಂಗೇರಿಯಲ್ಲಿ ಪಂಡಿತರು ಶಾಸ್ತ್ರಚರ್ಚೆ ಮಾಡುವ ವಾಕ್ಯಾರ್ಥ ಸಭೆ ನೋಡಿದವರಿಗೆ ಸಂಬಂಧ ತಕ್ಷಣ ಗೊತ್ತಾಗುತ್ತದೆ.

ಈಗ ಬಾಯಿಪಾಠಕ್ಕೆ ಬರೋಣ. ಅಂಗಳದಲ್ಲಿ ಪುಸ್ತಕ ತೆರೆಯುವ ಹಾಗಿಲ್ಲ. ಎದುರಿನವನು ಒಂದು ಸಾಲು ಎತ್ತಿ ಆಡಿದರೆ ಅದರ ಹಿಂದಿನ ಸಾಲು, ಮುಂದಿನ ಸಾಲು ನಿನ್ನ ನಾಲಿಗೆ ಮೇಲಿರಬೇಕು. ಅಂದರೆ ಉರು ಹೊಡೆಯುವುದು ಯೋಚನೆಗೆ ಶತ್ರು ಅಲ್ಲ. ಯೋಚನೆಗೆ ಬೇಕಾದ ದಿನಸಿಯನ್ನು ಮುಂಚೆಯೇ ತಂದು ಮನೆಯಲ್ಲಿಟ್ಟುಕೊಳ್ಳುವುದು ಅದು. ನಮ್ಮಲ್ಲಿ ಶ್ರವಣ, ಮನನ, ನಿದಿಧ್ಯಾಸನ ಅಂತಾರಲ್ಲ, ಅವರಲ್ಲೂ ಅದೇ ಮೂರು ಮೆಟ್ಟಿಲು. ಅವರಲ್ಲಿ ಮೊದಲ ಎರಡಕ್ಕೆ ಎರಡು ಜಾಗ ಕೊಟ್ಟಿದ್ದಾರೆ ಅನ್ನುವುದೇ ವಿಶೇಷ. ಕೇಳುವುದಕ್ಕೆ ಕೋಣೆ, ಪ್ರಶ್ನಿಸುವುದಕ್ಕೆ ಅಂಗಳ. ಕೋಣೆಯಲ್ಲಿ ಸುಮ್ಮನಿರುವವನು ಮತ್ತು ಅಂಗಳದಲ್ಲಿ ಗುಡುಗುವವನು ಒಬ್ಬನೇ ಹುಡುಗ. ಕಲಿಯುವ ಶೈಲಿ ಅವನ ರಕ್ತದಲ್ಲಿಲ್ಲ, ಅವನು ನಿಂತಿರುವ ಜಾಗದಲ್ಲಿದೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದು.

ವಿಜ್ಞಾನ ಬಂತು

ದಲೈ ಲಾಮಾ ಅವರಿಗೆ ಚಿಕ್ಕಂದಿನಿಂದ ವಿಜ್ಞಾನದ ಹುಚ್ಚು. ಒಂದು ಬೌದ್ಧ ನಂಬಿಕೆ ತಪ್ಪು ಅಂತ ವಿಜ್ಞಾನ ಖಚಿತವಾಗಿ ತೋರಿಸಿದರೆ ಆ ನಂಬಿಕೆ ಬಿಡಬೇಕು ಅಂತ ಅವರು ತೆರೆದೇ ಹೇಳಿದ್ದಾರೆ. ಮೇರು ಪರ್ವತದ ಸುತ್ತ ಜಗತ್ತು ಹರಡಿಕೊಂಡಿದೆ ಎಂಬ, ಹಳೆಯ ಬೌದ್ಧ ಗ್ರಂಥ ಅಭಿಧರ್ಮಕೋಶದ ಚಿತ್ರವನ್ನು ಅವರೇ ಒಪ್ಪುವುದಿಲ್ಲ. ಈ ದಾರಿಯಲ್ಲಿ ಅವರಿಗಿಂತ ಮುಂಚೆ ನಡೆದವರೂ ಇದ್ದರು. ಡ್ರೆಪುಂಗ್‌ನಲ್ಲಿ ಓದಿದ್ದ ಗೆಂದುನ್ ಛೋಪೆಲ್ 1938ರಲ್ಲೇ ಕಲಿಂಪಾಂಗ್‌ನ ಟಿಬೆಟಿ ಪತ್ರಿಕೆಯಲ್ಲಿ ಭೂಮಿ ಗುಂಡಗಿದೆ ಅಂತ ಲೇಖನ ಬರೆದಿದ್ದರು.

2006ರಲ್ಲಿ ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯ, ಹಿಮಾಚಲದ ಧರ್ಮಶಾಲೆ ಊರಿನ ಟಿಬೆಟಿ ಗ್ರಂಥಾಲಯದ ಜೊತೆ ಸೇರಿ ಕೆಲಸ ಶುರು ಮಾಡಿತು. ಮೊದಲು 2008ರಿಂದ ಧರ್ಮಶಾಲೆಯಲ್ಲಿ ಒಂದು ಸಣ್ಣ ಗುಂಪಿಗೆ ಕಲಿಸಿ ನೋಡಿದರು. ಆಮೇಲೆ ಗೆಲುಗ್ ಹಿರಿಯರು ಒಪ್ಪಿ ವಿಜ್ಞಾನವನ್ನು ಗೆಶೆ ಓದಿನ ಒಳಗೇ ಸೇರಿಸಿದರು. 2014ರಿಂದ ಸೆರಾ, ಡ್ರೆಪುಂಗ್, ಗಂದೆನ್ ಮೂರರಲ್ಲೂ ಪಾಠ ಶುರುವಾಯಿತು. ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ. ಆರು ವರ್ಷದ ಕ್ರಮ, ಪ್ರತಿ ವರ್ಷ ಕೆಲವು ವಾರ. ಪ್ರಾಧ್ಯಾಪಕರು ಅಮೆರಿಕದಿಂದ ಬರುತ್ತಿದ್ದರು. ಶತಮಾನಗಳಿಂದ ಹೆಚ್ಚು ಅಲುಗಾಡದ ಪಠ್ಯಕ್ರಮಕ್ಕೆ ಇದು ಸಣ್ಣ ಬದಲಾವಣೆ ಅಲ್ಲ.

ತೊಡಕು ಶುರುವಾಗುವುದು ಇಲ್ಲೇ. ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಬೇಕು, ನಿಲ್ಲಬೇಕು, ಅನುವಾದಕರು ಟಿಬೆಟಿಯಲ್ಲಿ ಹೇಳಬೇಕು. ಒಂದು ಗಂಟೆಯ ಪಾಠದಲ್ಲಿ ಅರ್ಧ ಗಂಟೆ ಹೀಗೇ ಹೋಗುತ್ತದೆ. ಕೇಳುತ್ತಿರುವವರಲ್ಲಿ ಹತ್ತು ವರ್ಷ ತರ್ಕಶಾಸ್ತ್ರ ಅರೆದು ಕುಡಿದವರಿದ್ದಾರೆ, ಆದರೆ ಅವರಲ್ಲಿ ಕೆಲವರು ಬೀಜಗಣಿತದ ಮುಖವನ್ನೇ ನೋಡಿಲ್ಲ. ಪದಗಳೂ ಬೇಕಿತ್ತು. ಅನುವಾದಕರು ವರ್ಷಗಟ್ಟಲೆ ಕೂತು ಸಾವಿರಾರು ಪದ ಕಟ್ಟಿದರು. ಎಲೆಕ್ಟ್ರಾನಿಗೆ 'ಲೋಕ್‌ದುಲ್', ಅಂದರೆ ಮಿಂಚಿನ ಕಣ. ಜೀವಕೋಶಕ್ಕೆ 'ತ್ರಾಪುಂಗ್', ಅಂದರೆ ಪುಟ್ಟ ರಾಶಿ. ಕನ್ನಡದಲ್ಲಿ ವಿಜ್ಞಾನ ಹೇಳಲು ಒದ್ದಾಡುವ ನನ್ನಂಥವರಿಗೆ ಈ ಕೆಲಸದ ಬೆಲೆ ಗೊತ್ತು. ಒಂದು ಸಣ್ಣ ನಿರಾಶ್ರಿತ ಸಮುದಾಯ ನರವಿಜ್ಞಾನವನ್ನು ತನ್ನ ಭಾಷೆಯಲ್ಲಿ, ಎದುರು ಬದುರು ಪುಟದಲ್ಲಿ ಇಂಗ್ಲಿಷ್ ಇಟ್ಟುಕೊಂಡು, ಪುಸ್ತಕ ಮಾಡಿ ಓದುತ್ತಿದೆ ಅಂದರೆ ನನಗೆ ಹೊಟ್ಟೆಕಿಚ್ಚೇ ಆಗುತ್ತದೆ.

ಆದರೆ ಭಾಷೆ ಒಂದೇ ಸಾಲದು. ಹೊರಗಿನ ವಿಜ್ಞಾನ ಪಾಠ ತನ್ನ ಜೊತೆ ತನ್ನ ಕೋಣೆಯನ್ನೂ ತರುತ್ತದೆ: ಬೋರ್ಡು, ಸ್ಲೈಡು, ನೋಟ್ಸು, ಕೊನೆಗೆ ಬರವಣಿಗೆಯ ಪರೀಕ್ಷೆ. ಅಲ್ಲಿನ ಲೆಕ್ಕದಲ್ಲಿ ಅದು ಬರೀ ಶ್ರವಣ. ಮನನಕ್ಕೆ ಜಾಗ ಎಲ್ಲಿ? ಪಾಠದ ನಡುವೆ ನಿಲ್ಲಿಸಿ "ಈಗ ಇದನ್ನು ನಿಮ್ಮ ರೀತಿಯಲ್ಲಿ ಚರ್ಚೆ ಮಾಡಿ" ಅಂತ ಬಿಟ್ಟಾಗ ಕೋಣೆಯ ಬಣ್ಣವೇ ಬದಲಾಗುತ್ತದೆ. ಜೋಡಿ ಕಟ್ಟಿಕೊಳ್ಳುತ್ತಾರೆ, ಒಬ್ಬ ಏಳುತ್ತಾನೆ, ಚಪ್ಪಾಳೆ ಬೀಳುತ್ತದೆ. ಯಾರಿಗೆ ಎಷ್ಟು ಅರ್ಥವಾಗಿದೆ ಅನ್ನುವುದು ಪರೀಕ್ಷೆ ಇಲ್ಲದೆ ಎಲ್ಲರ ಮುಂದೆ ಕಾಣುತ್ತದೆ. ಅರ್ಥವಾಗದವನು ನಾಲ್ಕನೇ ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ. ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯೂ ಇಲ್ಲ, ನಾಳೆ ಅವನೇ ನಿಂತು ಕೇಳುವವನು.

ಬ್ಯಾಕ್ಟೀರಿಯಾದ ಪ್ರಶ್ನೆ

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಜೀವವಿಜ್ಞಾನದ ಮೊದಲ ಪಾಠ ಎಲ್ಲ ಕಡೆ ಒಂದೇ: ಜೀವ ಅಂದರೇನು? ನಾವು ಬೋರ್ಡಿನ ಮೇಲೆ ಬರೆಯುತ್ತೇವೆ: ಬೆಳೆಯುತ್ತದೆ, ಉಸಿರಾಡುತ್ತದೆ, ಸಂತಾನ ಪಡೆಯುತ್ತದೆ, ಪ್ರಚೋದನೆಗೆ ಪ್ರತಿಕ್ರಿಯೆ ಕೊಡುತ್ತದೆ. ನನ್ನ ಮಕ್ಕಳು ಬರೆದುಕೊಳ್ಳುತ್ತಾರೆ. ಲಕ್ಷಣ, ಅಂದರೆ ಖಚಿತ ವ್ಯಾಖ್ಯೆ, ಹೇಳುವುದನ್ನೇ ಕಸುಬು ಮಾಡಿಕೊಂಡ ಭಿಕ್ಷುಗಳಿಗೆ ಇದು ಲಕ್ಷಣವೇ ಅಲ್ಲ, ಪಟ್ಟಿ. ಹೇಸರಗತ್ತೆಗೆ ಸಂತಾನ ಇಲ್ಲ, ಅದಕ್ಕೆ ಜೀವ ಇಲ್ಲವೇ? ಬೆಂಕಿ ಬೆಳೆಯುತ್ತದೆ, ಹರಡುತ್ತದೆ, ಅದಕ್ಕೆ ಜೀವ ಇದೆಯೇ?

ಇದಕ್ಕಿಂತ ಆಳದ ತೊಡಕು ಬೇರೆ. ಬೌದ್ಧರ ದೊಡ್ಡ ಗೆರೆ ಇರುವುದು ಜೀವ ಇರುವುದು ಮತ್ತು ಇಲ್ಲದಿರುವುದರ ನಡುವೆ ಅಲ್ಲ. ಮನಸ್ಸು ಇರುವುದು ಮತ್ತು ಇಲ್ಲದಿರುವುದರ ನಡುವೆ. 'ಸೆಮ್‌ಚೆನ್' ಅಂತಾರೆ, ಸೆಮ್ ಅಂದರೆ ಮನಸ್ಸು, ಚೆನ್ ಅಂದರೆ ಉಳ್ಳದ್ದು. ನೋವು ಸುಖ ಗೊತ್ತಾಗುವ ಎಲ್ಲವೂ ಸೆಮ್‌ಚೆನ್, ಅವನ್ನು ಕೊಲ್ಲಬಾರದು. ಗಿಡ ಮರ ಆ ಗೆರೆಯ ಆಚೆ. ಸರಿ, ಬ್ಯಾಕ್ಟೀರಿಯಾ ಎಲ್ಲಿ? ಇದು ಸುಮ್ನೆ ಪುಸ್ತಕದ ಪ್ರಶ್ನೆ ಅಲ್ಲ. ನೀರನ್ನು ಸೋಸಿ ಕುಡಿಯಬೇಕು, ಅದರಲ್ಲಿನ ಜೀವಿಗಳಿಗೆ ಹಿಂಸೆ ಆಗಬಾರದು ಅಂತ ಭಿಕ್ಷುವಿಗೆ ವಿನಯದಲ್ಲಿ, ಅಂದರೆ ಭಿಕ್ಷುಗಳ ನಡತೆಯ ಕಟ್ಟಳೆಯಲ್ಲಿ, ನಿಯಮವಿದೆ. ಹಾಗೆ ಬದುಕಿದವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದು ಹನಿ ಕೊಳದ ನೀರು ನೋಡುತ್ತಾನೆ. ಅದರಲ್ಲಿ ಏನೇನೋ ಓಡಾಡುತ್ತಿದೆ. ಮರುದಿನ ಜ್ವರಕ್ಕೆ ಆಂಟಿಬಯೋಟಿಕ್ ಮಾತ್ರೆ ಕೈಯಲ್ಲಿ. ನುಂಗಬೇಕೇ?

ಅಂಗಳದಲ್ಲಿ ಈ ಪ್ರಶ್ನೆ ಸಾಗುವ ಧಾಟಿ ಸುಮಾರು ಹೀಗೆ.

"ಬ್ಯಾಕ್ಟೀರಿಯಾ ತಗೋ. ಅದು ಸೆಮ್‌ಚೆನ್."

"ಚೀ ಛಿರ್?"

"ಆಹಾರದ ಕಡೆ ಹೋಗುತ್ತದೆ, ವಿಷದಿಂದ ದೂರ ಸರಿಯುತ್ತದೆ. ಅದಕ್ಕೆ."

"ಖ್ಯಪ್ ಪ ಮ ಜುಂಗ್."

"ವ್ಯಾಪ್ತಿ ಇಲ್ಲವೇ? ಒಂದರ ಕಡೆ ಹೋಗಿ ಇನ್ನೊಂದರಿಂದ ಸರಿದರೂ ಮನಸ್ಸಿಲ್ಲದ್ದು ಯಾವುದಿದೆ, ತೋರಿಸು."

"ಬಳ್ಳಿ. ಬೆಳಕಿನ ಕಡೆ ಬಾಗುತ್ತದೆ."

"ಬಳ್ಳಿ ತನ್ನ ಜಾಗ ಬಿಟ್ಟು ಹೋಗುವುದಿಲ್ಲ, ಬ್ಯಾಕ್ಟೀರಿಯಾ ಹೋಗುತ್ತದೆ."

"ಜಾಗ ಬಿಟ್ಟು ಹೋಗುವುದೆಲ್ಲ ಸೆಮ್‌ಚೆನ್ ಆದರೆ, ಗಾಳಿಗೆ ಹಾರುವ ಎಲೆ?"

ಛಟ್!

ನನಗೆ ಮೈ ಜುಮ್ಮೆಂದದ್ದು ಇದರ ಹಿಂದಿನ ವಯಸ್ಸು ಗೊತ್ತಾದಾಗ. ಸುಮಾರು 7ನೇ ಶತಮಾನದ ಧರ್ಮಕೀರ್ತಿ ತನ್ನ ನ್ಯಾಯಬಿಂದುವಿನಲ್ಲಿ ಒಂದು ವಾದವನ್ನು ಎತ್ತಿಕೊಂಡಿದ್ದಾನೆ. ಮರಗಳಿಗೆ ಚೇತನ ಇದೆ, ಯಾಕೆಂದರೆ ತೊಗಟೆಯನ್ನೆಲ್ಲ ಸುಲಿದರೆ ಸಾಯುತ್ತವೆ. ಇದು ದಿಗಂಬರ ಜೈನರ ವಾದ ಅಂತ ಅದರ ವ್ಯಾಖ್ಯಾನ ಹೇಳುತ್ತದೆ. ಗಿಡಕ್ಕೂ ಒಂದು ಇಂದ್ರಿಯದ ಜೀವ ಇದೆ ಅನ್ನುವುದು ಜೈನರ ನಿಲುವು, ಶ್ರವಣಬೆಳಗೊಳದ ನಾಡಿನವರಿಗೆ ಇದು ಗೊತ್ತಿರುವ ಮಾತೇ. ಧರ್ಮಕೀರ್ತಿಯ ಉತ್ತರ: ಸಾವು ಅಂದರೆ ಅರಿವು, ಇಂದ್ರಿಯ, ಆಯುಸ್ಸು ನಿಂತುಹೋಗುವುದು, ಅದು ಮರದಲ್ಲಿ ಸಾಧ್ಯವಿಲ್ಲ, ಹಾಗಾಗಿ ನೀನು ಕೊಟ್ಟ ಕಾರಣವನ್ನು ನಾನು ಒಪ್ಪಿಯೇ ಇಲ್ಲ. ಅಂದರೆ, ತಕ್ ಮ ದ್ರುಪ್! ಒಣಗಿದ್ದನ್ನು 'ಸತ್ತಿತು' ಅನ್ನಬಹುದೇ ಅನ್ನುವುದೇ ಅಲ್ಲಿನ ಜಗಳ. ಬೈಲಕುಪ್ಪೆಯಲ್ಲಿ ಇಪ್ಪತ್ತರ ಹುಡುಗ ಬ್ಯಾಕ್ಟೀರಿಯಾ ಹಿಡಿದು ಕೇಳುತ್ತಿರುವುದು ಅದೇ ಜಗಳದ ಮುಂದಿನ ಸುತ್ತು.

ಪದವೂ ಇಲ್ಲಿ ಒಂದು ಪಕ್ಷ ಹಿಡಿದುಬಿಡುತ್ತದೆ, ಗಮನಿಸಿ. ಬ್ಯಾಕ್ಟೀರಿಯಾಕ್ಕೆ ಟಿಬೆಟಿಯಲ್ಲಿ ಬಳಸುವ 'ತ್ರಾಸಿನ್' ಎಂಬ ಪದದಲ್ಲಿ ಸಣ್ಣ ಹುಳ ಅನ್ನುವ ಅರ್ಥ ಇದೆ. ಹುಳ ಅಂದಮೇಲೆ ಮನಸ್ಸು ಇದ್ದೇ ಇದೆ! ನಾವು 'ಸೂಕ್ಷ್ಮಜೀವಿ' ಅಂದಾಗಲೂ ಹಾಗೇ, ಜೀವ ಒಳಗೆ ಸೇರಿಕೊಂಡಿರುತ್ತದೆ. ನನ್ನ ಕ್ಲಾಸಿನಲ್ಲಿ ಯಾರೂ ಇದನ್ನು ಕೇಳಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಭೌತವಿಜ್ಞಾನದಲ್ಲೂ ಹಳೆಯ ಗುರುತು ಸಿಗುತ್ತದೆ. ಒಂದು ಪರಮಾಣುವಿಗೆ ಆರು ದಿಕ್ಕಿನಿಂದ ಆರು ಪರಮಾಣು ಅಂಟಿಕೊಂಡರೆ ಅದಕ್ಕೆ ಆರು ಭಾಗ ಇದ್ದ ಹಾಗಾಯಿತಲ್ಲ, ಭಾಗವೇ ಇಲ್ಲದ್ದು ಅಂತ ಹೇಗೆ ಹೇಳುತ್ತೀರಿ ಅಂತ ಹಳೆಯ ಬೌದ್ಧ ದಾರ್ಶನಿಕ ವಸುಬಂಧು ಕೇಳಿದ್ದ. ಅದನ್ನು ಓದಿದವನಿಗೆ ಪರಮಾಣುವಿನ ಒಳಗೆ ಇನ್ನೂ ಚಿಕ್ಕ ಕಣಗಳಿವೆ ಅಂದರೆ ಆಶ್ಚರ್ಯಕ್ಕಿಂತ ಉತ್ಸಾಹ ಜಾಸ್ತಿ.

ಕಷ್ಟವಾದದ್ದು

ಎಲ್ಲವೂ ಸಲೀಸಾಗಿ ಹೊಂದಿಕೊಳ್ಳುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅಂಗಳದ ತರ್ಕಕ್ಕೆ ವ್ಯಾಪ್ತಿ ಪೂರ್ತಿ ಬೇಕು. ಒಂದೇ ಒಂದು ಅಪವಾದ ಸಿಕ್ಕಿದರೂ ಮಾತು ಬಿತ್ತು. ವಿಜ್ಞಾನದ ಎಷ್ಟೋ ಮಾತು ಹಾಗಿರುವುದಿಲ್ಲ. ಈ ಔಷಧ ಹೆಚ್ಚಿನವರಲ್ಲಿ ಕೆಲಸ ಮಾಡುತ್ತದೆ, ಸಿಗರೇಟು ಸೇದುವವರಲ್ಲಿ ಈ ರೋಗ ಜಾಸ್ತಿ. "ಸೇದಿಯೂ ರೋಗ ಬಾರದವರು ಇದ್ದಾರಲ್ಲ, ಹಾಗಾದರೆ ಸಿಗರೇಟು ಕಾರಣ ಹೇಗೆ?" ತರ್ಕದ ಪ್ರಕಾರ ಸರಿಯಾದ ಪ್ರಶ್ನೆ. ಉತ್ತರಕ್ಕೆ ಸಂಭವನೀಯತೆಯ ಲೆಕ್ಕ ಬೇಕು, ಆ ಲೆಕ್ಕಕ್ಕೆ ಗಣಿತ ಬೇಕು, ಗಣಿತಕ್ಕೆ ಸಮಯ ಬೇಕು.

ಇನ್ನೊಂದು, ಮಾತಿನಲ್ಲಿ ಗೆದ್ದರೆ ವಿಷಯ ಸಾಬೀತಾಯಿತು ಅಂತಲ್ಲ. ಬ್ಯಾಕ್ಟೀರಿಯಾ ಹೇಗೆ ಸಕ್ಕರೆಯ ಕಡೆ ತಿರುಗುತ್ತದೆ ಅನ್ನುವುದನ್ನು ಅಳೆದೇ ನೋಡಬೇಕು, ಚಪ್ಪಾಳೆಯಿಂದ ಗೊತ್ತಾಗುವುದಿಲ್ಲ. ಚರ್ಚೆ ಪ್ರಶ್ನೆಯನ್ನು ಹರಿತ ಮಾಡುತ್ತದೆ, ಅಳತೆಯ ಜಾಗವನ್ನು ಅದು ತುಂಬಲಾರದು. ಇದನ್ನು ಭಿಕ್ಷುಗಳಿಗೆ ವಿವರಿಸುವುದು ಸುಲಭ, ಯಾಕೆಂದರೆ ಪ್ರತ್ಯಕ್ಷ (ನೇರ ಕಂಡದ್ದು) ಮತ್ತು ಅನುಮಾನ (ತರ್ಕದಿಂದ ತಿಳಿದದ್ದು) ಎರಡೂ ಪ್ರಮಾಣ, ಅಂದರೆ ತಿಳಿಯುವ ದಾರಿ, ಅಂತ ಅವರು ಮುಂಚೆಯೇ ಓದಿರುತ್ತಾರೆ. ಪ್ರಯೋಗಶಾಲೆ ಪ್ರತ್ಯಕ್ಷದ ಜಾಗ. ಅವರೇ ಪ್ರಯೋಗಕ್ಕೆ ಒಳಗಾದದ್ದೂ ಉಂಟು. ಸೆರಾದ ಒಂದು ವಿಭಾಗವಾದ ಸೆರಾ ಜೇಯಲ್ಲಿ ಚರ್ಚೆಗಿಳಿದ ಇಬ್ಬರ ತಲೆಗೂ ಒಟ್ಟಿಗೆ ಇಇಜಿ, ಅಂದರೆ ಮಿದುಳಿನ ಅಲೆ ಅಳೆಯುವ ಸಾಧನ, ಕಟ್ಟಿ ನೋಡಿದ್ದಾರೆ. ಇಬ್ಬರೂ ಒಪ್ಪುವ ಗಳಿಗೆಯಲ್ಲಿ ಮಿದುಳಿನ ಅಲೆಗಳು ಒಂದಕ್ಕೊಂದು ಹೆಚ್ಚು ಹೊಂದಿಕೊಳ್ಳುತ್ತಿದ್ದವು.

ಮತ್ತೆ ಹೆಣ್ಣುಮಕ್ಕಳ ಮಾತು. ಬಹುಕಾಲ ಈ ಅಂಗಳ ಗಂಡಸರದ್ದೇ ಆಗಿತ್ತು. ಭಿಕ್ಷುಣಿಯರು ಪೂಜೆ, ಪಾರಾಯಣ ಮಾಡುತ್ತಿದ್ದರು, ಚರ್ಚೆಯ ಓದು ಅವರಿಗೆ ಸಿಕ್ಕಿದ್ದು ಭಾರತಕ್ಕೆ ಬಂದು ಎಷ್ಟೋ ವರ್ಷ ಕಳೆದ ಮೇಲೆ. ಬೇರೆ ಬೇರೆ ಮಠಗಳ ಭಿಕ್ಷುಣಿಯರು ಚಳಿಗಾಲದಲ್ಲಿ ಒಟ್ಟು ಸೇರಿ ಚರ್ಚೆ ಮಾಡುವ ಪದ್ಧತಿ ಬಂದದ್ದು 1995ರಲ್ಲಿ. 2016ರ ಡಿಸೆಂಬರಿನಲ್ಲಿ ಮುಂಡಗೋಡದಲ್ಲಿ 20 ಭಿಕ್ಷುಣಿಯರು ದಲೈ ಲಾಮಾ ಅವರ ಕೈಯಿಂದ ಗೆಶೆಮಾ, ಅಂದರೆ ಹೆಂಗಸರ ಗೆಶೆ, ಪದವಿ ಪಡೆದರು. ಅಂಗಳ ಕೊಟ್ಟ ಮೇಲೆ ಎರಡೇ ದಶಕ ಸಾಕಾಯಿತು. ಹೆಂಗಸರಿಗೆ ತರ್ಕ ಒಗ್ಗುವುದಿಲ್ಲ ಅನ್ನುವ ಮಾತಿಗೆ ಇನ್ನೇನು ಉಳಿಯಿತು?

ಈಗ ಆ ಆರು ವರ್ಷದ ಸುತ್ತು ಮುಗಿದಿದೆ. ವಿಜ್ಞಾನ ಕಲಿತ ಭಿಕ್ಷುಗಳೇ ಕಿರಿಯರಿಗೆ ಟಿಬೆಟಿಯಲ್ಲಿ ನೇರವಾಗಿ ಕಲಿಸುವ ಹಂತ ಬಂದಿದೆ, ನಡುವೆ ಅನುವಾದಕ್ಕಾಗಿ ನಿಲ್ಲಬೇಕಾಗಿಲ್ಲ.

ಹೋದ ವರ್ಷದಿಂದ ನಾನು ನನ್ನ ಕ್ಲಾಸಿನಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ ಹೊರಗೆ, ಹೊಂಗೆ ಮರದ ಕೆಳಗೆ ಮಾಡುತ್ತಿದ್ದೇನೆ. ಜೋಡಿ ಜೋಡಿ, ಒಬ್ಬರು ಕೂತು, ಒಬ್ಬರು ನಿಂತು. ನಾನು ದೂರ ಇರುತ್ತೇನೆ, ಸಾರ್ ಪಕ್ಕದಲ್ಲಿದ್ದರೆ ಬಾಯಿ ಬರುವುದಿಲ್ಲ ಅವರಿಗೆ. ಮೊದಲ ಮೂರು ವಾರ ಬರೀ ಪಿಸುಮಾತು, ನಗು. ನಾಲ್ಕನೇ ವಾರ ಕೊನೆಯ ಬೆಂಚಿನ ಒಬ್ಬ ಹುಡುಗಿ, ವರ್ಷವಿಡೀ ಬಾಯಿ ತೆರೆಯದವಳು, ಎದ್ದು ನಿಂತು ತನ್ನ ಗೆಳತಿಯನ್ನು ಕೇಳಿದಳು: "ವೈರಸ್‌ಗೆ ಜೀವ ಇಲ್ಲ ಅಂದೆಯಲ್ಲ, ಮತ್ತೆ ಸೋಪು ಹಾಕಿದರೆ ಸಾಯುತ್ತೆ ಅಂತ ಯಾಕೆ ಅಂತೀವಿ?"